ಗಿರಣಿ ಕೂಲಿಯವರ ವಂಶಾವಳಿ ಎಲ್ಲಿ ಸಿಗುತ್ತೆ?

ನಾನು ಇಂಗ್ಲೆಂಡಿನವರಾದ ನನ್ನ ಗಂಡನ ಮನೆಯವರ ಹಳೇ ಕಾಗದಪತ್ರ ಹುಡುಕುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅವರೇನು ಜಮೀನ್ದಾರರಾ? ಗಿರಣಿಯಲ್ಲಿ ಕೂಲಿ ಮಾಡಿದವರು. ಅವರದ್ದೆಲ್ಲ ಯಾರು ಬರೆದಿಟ್ಟಿರ್ತಾರೆ?" ಊರಿಗೆ ಹೋದಾಗ ಚಿಕ್ಕಪ್ಪ ಕೇಳುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರೂ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮುತ್ತಜ್ಜನ ಅಪ್ಪನ ಹೆಸರು ಗೊತ್ತಿರುವುದಿಲ್ಲ. ಹಾಗಾಗಿ ಅನುಮಾನ ಬರುವುದು ಸಹಜ.

ಬರೆದಿಟ್ಟದ್ದು ಸರ್ಕಾರ, ಅದಕ್ಕೂ ಮೊದಲು ಚರ್ಚು. ಬಡವರ ಮೇಲಿನ ಪ್ರೀತಿಯಿಂದೇನೂ ಅಲ್ಲ. ಎಷ್ಟು ಜನ ಇದ್ದಾರೆ, ಕೆಲಸ ಹೋದರೆ ಯಾವ ಊರಿನವರು ಇವರಿಗೆ ಅನ್ನ ಹಾಕಬೇಕು, ಮದುವೆಯಾಗದವಳಿಗೆ ಮಗು ಹುಟ್ಟಿದರೆ ಖರ್ಚು ಯಾರ ತಲೆಗೆ ಬರುತ್ತದೆ ಅನ್ನುವ ಲೆಕ್ಕ ಅವರಿಗೆ ಬೇಕಿತ್ತು. ಉಳ್ಳವರ ಮನೆಯಲ್ಲಿ ಉಯಿಲು, ಆಸ್ತಿಪತ್ರ ಇರುತ್ತವೆ. ಅವನ್ನು ಅವರೇ ಬರೆಸಿದ್ದು. ಕೂಲಿಯವರ ಬಗ್ಗೆ ಇರುವ ಕಾಗದವನ್ನೆಲ್ಲ ಹೆಚ್ಚುಕಡಿಮೆ ಬೇರೆಯವರು, ಬೇರೆ ಯಾವುದೋ ಕಾರಣಕ್ಕೆ ಬರೆದದ್ದು. ಅದಕ್ಕೇ ಒಂದು ಕಾಗದ ಕೈಗೆ ಬಂದರೆ ನಾನು ಮೊದಲು ಕೇಳಿಕೊಳ್ಳುವುದು, ಇದನ್ನು ಬರೆದವನಿಗೆ ಏನು ಬೇಕಿತ್ತು ಅಂತ.

ನನ್ನ ಗಂಡನ ಕಡೆಯವರು ಲಂಕಾಶೈರಿನ ಬರ್ನ್‌ಲಿ ಸುತ್ತಮುತ್ತಲಿನವರು, ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಂಡವರು. ಹುಡುಕಾಟ ಈಗಿನಿಂದ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜನನ, ಮರಣ, ಮದುವೆಗಳನ್ನು ಸರ್ಕಾರವೇ ನೋಂದಾಯಿಸಲು ಶುರು ಮಾಡಿದ್ದು 1837ರ ಜುಲೈ 1ರಿಂದ. ಜನನ ಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರು ಇರುತ್ತದೆ. ಅದನ್ನು ಹಿಡಿದು ಅಪ್ಪ ಅಮ್ಮನ ಮದುವೆ ಪತ್ರ ಹುಡುಕಬಹುದು. ಮದುವೆ ಪತ್ರದಲ್ಲಿ ಇಬ್ಬರ ತಂದೆಯರ ಹೆಸರೂ ಕಸುಬೂ ಸಿಗುತ್ತವೆ. ತಾಯಂದಿರ ಹೆಸರು? ಅದಕ್ಕೆ ಜಾಗ ಕೊಟ್ಟದ್ದು 2021ರ ಮೇ ತಿಂಗಳಲ್ಲಿ! ಸಹಿ ಮಾಡುವ ಕಡೆ ಎಷ್ಟೋ ಸಲ ಬರೀ ಒಂದು ಅಡ್ಡಗೀಟಿನ ಗುರುತು ಇರುತ್ತದೆ, ಪಕ್ಕದಲ್ಲಿ ಬೇರೆಯವರು ಹೆಸರು ಬರೆದಿರುತ್ತಾರೆ. ನಮ್ಮ ಹೆಬ್ಬೆಟ್ಟಿನ ಹಾಗೆ.

ಇದರ ಜೊತೆಗೆ ಜನಗಣತಿ. ಎಲ್ಲರ ಹೆಸರನ್ನೂ ಬರೆದುಕೊಂಡ ಮೊದಲ ದೇಶವ್ಯಾಪಿ ಗಣತಿ 1841ರದ್ದು. ಅದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕಿತ್ತು. 39 ಅಂದರೆ 35. ಎಲ್ಲರೂ ಹಾಗೆ ಮಾಡಲಿಲ್ಲ, ಅದು ಇನ್ನೊಂದು ತಲೆನೋವು. 1851ರಿಂದ ಯಾವ ಊರಲ್ಲಿ ಹುಟ್ಟಿದ್ದು, ಮನೆ ಯಜಮಾನನಿಗೆ ಏನಾಗಬೇಕು ಅನ್ನುವುದೂ ಸೇರಿತು. ಹುಟ್ಟಿದ ಊರು ಗೊತ್ತಾದರೆ ಆ ಊರಿನ ಚರ್ಚಿನ ದಾಖಲೆಗೆ ದಾರಿ ಸಿಕ್ಕಿದ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟ 1911ರ ಗಣತಿ. ಅದಕ್ಕೂ ಹಿಂದಿನವುಗಳಲ್ಲಿ ನಾವು ನೋಡುವುದು ಗಣತಿದಾರ ನಕಲು ಮಾಡಿದ ಪುಸ್ತಕ. 1911ರಲ್ಲಿ ಮನೆಯವರೇ ತುಂಬಿದ ಫಾರಂ ಉಳಿದಿದೆ, ಅವರದೇ ಅಕ್ಷರದಲ್ಲಿ. ಮದುವೆಯಾದ ಹೆಂಗಸರಿಗೆ ಅದರಲ್ಲಿ ಮೂರು ಕಾಲಂ: ಈ ಮದುವೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ, ಎಷ್ಟು ಸತ್ತರು. ಸರ್ಕಾರಕ್ಕೆ ಹುಟ್ಟುವವರು ಕಮ್ಮಿಯಾಗುತ್ತಿದ್ದಾರಲ್ಲ ಅನ್ನುವ ಚಿಂತೆ, ಅದಕ್ಕೇ ಈ ಪ್ರಶ್ನೆ. ವಿಧವೆಯರು ಇದನ್ನು ತುಂಬಬೇಕಾಗಿರಲಿಲ್ಲ. ಆದರೂ ಎಷ್ಟೋ ಜನ ತುಂಬಿದರು. ಕಚೇರಿಯವರು ಅದರ ಮೇಲೆ ಗೀಟು ಹೊಡೆದರು. ಗಂಡನ ಮುತ್ತಜ್ಜಿಯ ಫಾರಂನಲ್ಲೂ ಹಾಗೇ ಇದೆ: ಹುಟ್ಟಿದ್ದು ಒಂಬತ್ತು, ಉಳಿದದ್ದು ಐದು, ಮೇಲೊಂದು ಗೀಟು. ಮನೆಯಲ್ಲಿ ಯಾರಿಗೂ ಗೊತ್ತಿದ್ದದ್ದು ಐವರೇ. ಉಳಿದ ನಾಲ್ಕು ಮಕ್ಕಳ ಹೆಸರನ್ನು ನೋಂದಣಿ ಇಲಾಖೆಯ ಸೂಚಿಯಲ್ಲಿ ಹುಡುಕಬೇಕಾಯಿತು. ಆ ಸೂಚಿಯಲ್ಲಿ ಈಗ 1837ರಿಂದಲೂ ತಾಯಿಯ ತವರಿನ ಹೆಸರು ಸೇರಿಸಿದ್ದಾರೆ, ಇಲ್ಲದಿದ್ದರೆ ಲಂಕಾಶೈರಿನಲ್ಲಿ ಒಂದೇ ಹೆಸರಿನ ನೂರಾರು ಕೂಸುಗಳ ನಡುವೆ ನಮ್ಮದನ್ನು ಗುರುತಿಸುವುದು ಆಗದ ಮಾತು.

ಹೆಂಗಸರ ವಿಷಯಕ್ಕೆ ಬಂದರೆ ಗಣತಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಹೊಲದಲ್ಲಿ ದುಡಿದರೂ, ಪಕ್ಕದವರ ಬಟ್ಟೆ ಒಗೆದರೂ ಕಸುಬಿನ ಕಾಲಂ ಖಾಲಿ ಬಿಟ್ಟಿರುತ್ತಾರೆ. ಬರ್ನ್‌ಲಿಯಂಥ ನೇಯ್ಗೆ ಊರುಗಳಲ್ಲಿ ಮದುವೆಯಾದ ಮೇಲೂ ಗಿರಣಿಗೆ ಹೋಗುವುದು ಮಾಮೂಲಿ. ಹಾಗಾಗಿ ಅಲ್ಲಿ "ಹತ್ತಿ ನೇಕಾರಳು" ಅಂತ ಬರೆದದ್ದು ಜಾಸ್ತಿ ಸಿಗುತ್ತದೆ.

1837ಕ್ಕಿಂತ ಹಿಂದೆ ಹೋದರೆ ಚರ್ಚಿನ ಪುಸ್ತಕಗಳೇ ಗತಿ. 1538ರಲ್ಲಿ ಎಂಟನೇ ಹೆನ್ರಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಶುರುವಾದದ್ದು ಅವು. ಎಷ್ಟೋ ಕಡೆ ಮೊದಲ ಪುಸ್ತಕಗಳು ಉಳಿದಿಲ್ಲ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸಾಲಿನಲ್ಲಿ ತಂದೆಯ ಕಸುಬು ತಪ್ಪದೆ ಸಿಗುವುದು 1813ರಿಂದ, ಅಚ್ಚು ಹಾಕಿದ ಫಾರಂ ಬಂದ ಮೇಲೆ.

ಆದರೆ ಈ ಕಾಲದಲ್ಲೇ ಒಂದು ನಿಧಿ ಇದೆ. 1662ರ ಕಾಯಿದೆ ಪ್ರಕಾರ ಪ್ರತಿ ಬಡವನಿಗೂ ಒಂದು "ಸ್ವಂತ" ಊರು ಇರಬೇಕು. ನೆರವು ಬೇಕಾದರೆ ಆ ಊರೇ ಕೊಡಬೇಕು. ಬೇರೆ ಊರಲ್ಲಿ ಕೈ ಚಾಚುವ ಪರಿಸ್ಥಿತಿ ಬಂದರೆ ಹಿಡಿದು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಪೂರ್ತಿ ಒಂದು ವರ್ಷ ಜೀತಕ್ಕಿದ್ದೆ, ಎಲ್ಲಿ ಕಸುಬು ಕಲಿತೆ, ವರ್ಷಕ್ಕೆ 10 ಪೌಂಡ್ ಬಾಡಿಗೆಯ ಜಾಗ ಹಿಡಿದಿದ್ದೆಯಾ, ಎಲ್ಲ ಕೇಳಿ ಬರೆದುಕೊಳ್ಳುತ್ತಿದ್ದರು. ಓದು ಬರಹ ಬಾರದ ಕೂಲಿಯೊಬ್ಬನ ಇಡೀ ಬದುಕು ಒಂದು ಹಾಳೆಯಲ್ಲಿ. ಉತ್ತರ ಸರಿಬಾರದಿದ್ದರೆ ಹೆಂಡತಿ ಮಕ್ಕಳ ಸಮೇತ ಆ "ಸ್ವಂತ" ಊರಿಗೆ ಗಡೀಪಾರು. ಮದುವೆಯಾಗದ ಬಸುರಿಯಿಂದ ಗಂಡಸಿನ ಹೆಸರು ಹೇಳಿಸಿ ಅವನಿಂದ ಹಣ ವಸೂಲಿ ಮಾಡಿದ ಕಾಗದಗಳೂ ಇವೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆಯ ಹೆಸರಿಲ್ಲದ ಮಗುವಿಗೆ ಇಲ್ಲಿ ತಂದೆ ಸಿಗುತ್ತಾನೆ. ಓದುವಾಗ ಖುಷಿಯೂ ಆಗುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಇಂಥವು ಜಿಲ್ಲಾ ದಾಖಲೆ ಕಚೇರಿಗಳಲ್ಲಿರುತ್ತವೆ. ಎಲ್ಲವೂ ಇಂಟರ್‌ನೆಟ್ಟಿಗೆ ಬಂದಿಲ್ಲ.

ಜನ ಸುಳ್ಳು ಹೇಳುತ್ತಿರಲಿಲ್ಲವಾ? ಹೇಳುತ್ತಿದ್ದರು, ಧಾರಾಳವಾಗಿ. ಅಪ್ಪ ಯಾರೆಂದು ತಿಳಿಯದವರು ಮದುವೆ ಪತ್ರದಲ್ಲಿ ಅಜ್ಜನ ಹೆಸರನ್ನೋ ಹುಟ್ಟಿಸಿಕೊಂಡ ಹೆಸರನ್ನೋ ಕೊಟ್ಟರು. ಸತ್ತ ಹೆಂಡತಿಯ ತಂಗಿಯನ್ನು ಮದುವೆಯಾಗುವುದು 1907ರವರೆಗೂ ಕಾನೂನಿಗೆ ವಿರುದ್ಧ. ಅದಕ್ಕೆ ಗುರುತಿಲ್ಲದ ಊರಿಗೆ ಹೋಗಿ ತಾಳಿಕಟ್ಟಿಕೊಂಡವರಿದ್ದಾರೆ. ತಾಳಿ ಅಂದರೆ ಉಂಗುರ, ಬಿಡಿ.

ಕಾಗದವೇ ಇಲ್ಲದ ಜಾಗಗಳೂ ಇವೆ. 1931ರ ಗಣತಿ 1942ರಲ್ಲಿ ಬೆಂಕಿಗೆ ಹೋಯಿತು. 1941ರಲ್ಲಿ ಯುದ್ಧದಿಂದ ಗಣತಿಯೇ ನಡೆಯಲಿಲ್ಲ. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಲಂಡನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು.

ಚಿಕ್ಕಪ್ಪನ ಎರಡನೇ ಪ್ರಶ್ನೆ: ನಮ್ಮ ಕಡೆಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಇದೆ. ಇಂಗ್ಲೆಂಡಿನ ಗಣತಿಯಿಂದ ಇದ್ದಕ್ಕಿದ್ದಂತೆ ಮಾಯವಾದ ಕಾರ್ನ್‌ವಾಲಿನ ಗಣಿ ಕೆಲಸಗಾರರು ಕೆಲವರು ಕೋಲಾರದ ಚಿನ್ನದ ಗಣಿಯಲ್ಲಿ ಸಿಗುತ್ತಾರೆ. 1860ರ ದಶಕದಲ್ಲಿ ತಾಮ್ರದ ಬೆಲೆ ಬಿದ್ದು ಕಾರ್ನ್‌ವಾಲಿನ ಗಣಿಗಳು ಮುಚ್ಚತೊಡಗಿದವು, ಜನ ದೇಶ ಬಿಟ್ಟರು. 1880ರಲ್ಲಿ ಗಣಿ ನಡೆಸುವ ಬ್ರಿಟಿಷ್ ಸಂಸ್ಥೆ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಕಾಲಿಟ್ಟ ಮೇಲೆ ಅನುಭವಸ್ಥರು ಬೇಕಾದರು. ಬೆಂಗಳೂರು ದಂಡಿನ ಸೋಲ್ಜರುಗಳದ್ದೂ ಇದೇ ಕಥೆ. ಅವರ ಚರ್ಚುಗಳಲ್ಲಿ ನಡೆದ ಮದುವೆ, ದೀಕ್ಷಾಸ್ನಾನ, ಮಣ್ಣು ಮಾಡಿದ್ದರ ದಾಖಲೆಯ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಆಗ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆಗಳಲ್ಲಿದೆ.

ಶುರು ಮಾಡಬೇಕು ಅನ್ನುವವರು ಕೂಡಲೇ ದುಡ್ಡು ಕಟ್ಟಬೇಡಿ. ಫ್ರೀಬಿಎಂಡಿ, ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟುಗಳು ಎರಡೂ ಉಚಿತ. ಇಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ದುಡ್ಡು ಕೇಳುವ ಆನ್ಸೆಸ್ಟ್ರಿ ವೆಬ್‌ಸೈಟನ್ನೂ ಸುಮ್ನೆ ಕೂತು ನೋಡಬಹುದು. ಬೇರೆಯವರು ಹಾಕಿರುವ ರೆಡಿಮೇಡ್ ವಂಶವೃಕ್ಷ ಕಂಡರೆ ನಕಲು ಮಾಡಬೇಡಿ, ಮೂಲ ಕಾಗದ ತೆಗೆಸಿ ನೋಡಿ. ಮೊದಲು ಮನೆಯ ಹಿರಿಯರ ಹತ್ತಿರ ಕೂತು ಅಡ್ಡಹೆಸರುಗಳನ್ನು ಬರೆದುಕೊಳ್ಳಿ. ಮನೆಯಲ್ಲಿ ಎಲ್ಲರೂ ಪಾಲಿ ಅಂತ ಕರೆಯುತ್ತಿದ್ದ ಅಜ್ಜಿ ಕಾಗದದಲ್ಲಿ ಮೇರಿ ಆಗಿರುತ್ತಾಳೆ.