ಡೀಲರ್ ಹತ್ತಿರ ಹಳೆಯ ಕಾರು ಕೊಳ್ಳಬಹುದೇ?

ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರುಗಳನ್ನು ನೋಡಿ ನಷ್ಟದ ಲೆಕ್ಕ ಹಾಕುವುದು ನನ್ನ ಕೆಲಸ. ಇದು ಗೊತ್ತಾದವರೆಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ ಸಿಗಲಿ, ಔಷಧಿ ಅಂಗಡಿಯ ಮುಂದೆ ಸಿಗಲಿ, ಒಂದೇ ಪ್ರಶ್ನೆ ಕೇಳುತ್ತಾರೆ: ‘ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇವೆ. ಡೀಲರ್ ಹತ್ತಿರ ಕೊಂಡರೆ ಮೋಸ ಹೋಗುತ್ತೇವೆಯೇ?’ ಎಷ್ಟೋ ಮಂದಿ ಅಷ್ಟರಲ್ಲಾಗಲೇ ಟೋಕನ್ ಅಡ್ವಾನ್ಸ್ ಕೊಟ್ಟು ಬಂದಿರುತ್ತಾರೆ. ನನ್ನ ಬಾಯಿಂದ ‘ಚೆನ್ನಾಗಿದೆ’ ಎಂದು ಕೇಳಿಸಿಕೊಂಡು ಹೋದರೆ ಅವರಿಗೆ ಸಮಾಧಾನ.

ಧಾರಾಳವಾಗಿ ಕೊಳ್ಳಿ. ಮುಖ ಪರಿಚಯವಿಲ್ಲದ ಮಾಲೀಕನಿಗಿಂತ ಅಂಗಡಿಯಿಟ್ಟು ಕೂತ ಡೀಲರ್ ವಾಸಿ ಎಂಬ ಕಡೆಯವನು ನಾನು. ಆದರೆ ಜನ ಕಾವಲು ಕಾಯುವ ಬಾಗಿಲೇ ಬೇರೆ, ಕಳ್ಳ ಬರುವ ಬಾಗಿಲೇ ಬೇರೆ. ಎಲ್ಲರೂ ಇಂಜಿನ್ ಶಬ್ದ ಕೇಳುತ್ತಾರೆ, ಟೈರಿಗೆ ಒದೆಯುತ್ತಾರೆ, ಐದು ಸಾವಿರ ಕಡಿಮೆ ಮಾಡಿಸಲು ಅರ್ಧ ದಿನ ಕೂರುತ್ತಾರೆ. ನನ್ನ ಮೇಜಿಗೆ ಬರುವ ತಕರಾರುಗಳು ಹುಟ್ಟುವುದು ಬಹುಮಟ್ಟಿಗೆ ಕಾಗದದಲ್ಲಿ. ಇಂಜಿನ್ ಕೆಟ್ಟರೆ ದುಡ್ಡು ಕೊಟ್ಟು ಸರಿ ಮಾಡಿಸಬಹುದು. ಆರ್‌ಸಿಯಲ್ಲಿ ಬೇರೆಯವರ ಹೆಸರಿದ್ದು ನೀವು ಕಾರು ಓಡಿಸುತ್ತಿರುವಾಗ ಅಪಘಾತವಾದರೆ, ಅದನ್ನು ಸರಿ ಮಾಡುವ ಗ್ಯಾರೇಜು ಯಾವ ಊರಿನಲ್ಲೂ ಇಲ್ಲ.

ಆದ್ದರಿಂದ ಡೀಲರ್ ಎದುರು ಕೂತಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ಇಷ್ಟೇ: ‘ಈ ಕಾರು ಇವತ್ತು ಯಾರದು?’

ಬಹಳ ಡೀಲರ್‌ಗಳಿಗೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ. ಅಂಗಳದಲ್ಲಿ ತೊಳೆದು ಒರೆಸಿ ಸಾಲಾಗಿ ನಿಲ್ಲಿಸಿದ ಕಾರುಗಳೆಲ್ಲ ಅವರವೇ ಎಂದು ನಾವು ಅಂದುಕೊಳ್ಳುತ್ತೇವೆ. ಕೆಲವನ್ನು ಅವರು ನಿಜವಾಗಿಯೂ ದುಡ್ಡು ಕೊಟ್ಟು ಕೊಂಡಿರುತ್ತಾರೆ. ಕೆಲವು ‘ಪಾರ್ಕ್ ಅಂಡ್ ಸೇಲ್’, ಅಂದರೆ ಮಾಲೀಕ ತಂದು ನಿಲ್ಲಿಸಿ ಹೋಗಿದ್ದಾನೆ, ಮಾರಿಕೊಟ್ಟರೆ ಡೀಲರ್‌ಗೆ ಕಮಿಷನ್. ಇನ್ನು ಕೆಲವು ಅಂಗಳದಲ್ಲೇ ಇರುವುದಿಲ್ಲ, ಬೇರೆ ಬ್ರೋಕರ್ ಕಳಿಸಿದ ಫೋಟೋ ಮಾತ್ರ ಮೊಬೈಲಿನಲ್ಲಿರುತ್ತದೆ. ಮೂರೂ ತಪ್ಪಲ್ಲ, ಆದರೆ ಮೂರರಲ್ಲೂ ನಿಮ್ಮ ಹಣ ಸೇರಬೇಕಾದ ಜಾಗ ಬೇರೆ ಬೇರೆ. ಪಾರ್ಕ್ ಅಂಡ್ ಸೇಲ್ ಕಾರಿಗೆ ಪೂರ್ತಿ ಹಣವನ್ನು ಡೀಲರ್ ಖಾತೆಗೆ ಹಾಕಿ, ಅದು ಮಾಲೀಕನಿಗೆ ತಲುಪದೆ, ಅವನು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಕೂತರೆ ನೀವು ಯಾರನ್ನು ಹಿಡಿಯುತ್ತೀರಿ?

ಈ ಗೊಂದಲಕ್ಕೆ ಕಾನೂನು ಒಂದು ಮಟ್ಟಿಗೆ ಪರಿಹಾರ ಕೊಟ್ಟಿದೆ, ಆದರೆ ಕೊಳ್ಳುವವರಿಗೆ ಅದರ ಸುದ್ದಿ ಮುಟ್ಟಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಹಳೆಯ ವಾಹನ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು; ಅದರ ಅವಧಿ 5 ವರ್ಷ. ಮಾಲೀಕ ಕಾರನ್ನು ಡೀಲರ್‌ಗೆ ಒಪ್ಪಿಸುವಾಗ ನಮೂನೆ 29ಸಿಯಲ್ಲಿ ಆನ್‌ಲೈನ್ ಮೂಲಕ ತಿಳಿಸಿದರೆ, ಅಲ್ಲಿಂದಾಚೆಗೆ ಆ ಡೀಲರ್‌ನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ವರ್ಗಾವಣೆ, ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಆರ್‌ಸಿ ನವೀಕರಣ ಇವಕ್ಕೆಲ್ಲ ಅವನೇ ಅರ್ಜಿ ಹಾಕಬಹುದು. ಹಳೆಯ ಮಾಲೀಕ ದುಬೈಗೆ ಹೋಗಿದ್ದಾನೆ, ಬಂದ ಮೇಲೆ ಸಹಿ ಹಾಕಿಸಿಕೊಡುತ್ತೇನೆ ಎಂಬ ಕಥೆಗೆ ಜಾಗವೇ ಉಳಿಯುವುದಿಲ್ಲ. ಅಂಗಡಿಗೆ ಹೋದ ಕೂಡಲೇ ಆ ಪ್ರಮಾಣಪತ್ರ ತೋರಿಸಲು ಹೇಳಿ. ತೋರಿಸಿದವರ ಜೊತೆ ಮಾತು ಮುಂದುವರಿಸಿ. ‘ಅದೆಲ್ಲ ಯಾಕೆ ಸಾರ್, ಇಪ್ಪತ್ತು ವರ್ಷದಿಂದ ಇದೇ ಜಾಗದಲ್ಲಿದ್ದೇವೆ’ ಎನ್ನುವವರಿಗೆ ಇಪ್ಪತ್ತು ವರ್ಷದ ಶುಭಾಶಯ ಹೇಳಿ ಹೊರಡಿ.

ಕಾಗದ ಇಲ್ಲದ ಡೀಲರ್ ನಡೆಸುವುದು ಹಳೆಯ ಪದ್ಧತಿಯನ್ನೇ. ಮಾಲೀಕನಿಂದ ವರ್ಗಾವಣೆಯ ಕಾಗದಗಳಾದ ನಮೂನೆ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಸಿಟ್ಟುಕೊಂಡು, ಕೊಳ್ಳುವವನ ಹೆಸರು ತುಂಬದೆ ಕಾರನ್ನು ಕೈಯಿಂದ ಕೈಗೆ ದಾಟಿಸುವುದು. ದಾಖಲೆಯಲ್ಲಿ ‘ಸಿಂಗಲ್ ಓನರ್’ ಆಗಿಯೇ ಉಳಿದ ಕಾರು ನಿಜದಲ್ಲಿ ನಾಲ್ಕು ಮನೆಯ ಊಟ ಉಂಡಿರುತ್ತದೆ. ಮಾರಿದವನಿಗೂ ಇದು ಉರುಳು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಎದುರು ಬಂದದ್ದು ಇಂಥದೇ ಕಾರು: ಹಲವು ಕೈ ದಾಟಿತ್ತು, ನೋಂದಣಿಯಲ್ಲಿ ಹೆಸರು ಮಾತ್ರ ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ತೀರ್ಪಾಯಿತು. ಹಾಗಾಗಿ ಹಳೆಯ ಕಾರನ್ನು ಡೀಲರ್‌ಗೆ ಕೊಟ್ಟು ಬೇರೆ ಕಾರು ತರುವವರು ತಮ್ಮ 29ಸಿಯ ಸ್ವೀಕೃತಿಯನ್ನು ಕೈಯಲ್ಲಿ ಹಿಡಿಯದೆ ಎದ್ದು ಬರಬೇಡಿ.

ಈಗ ನನ್ನ ಕಸುಬಿಗೆ ಬರುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ‘ಇನ್ಶೂರೆನ್ಸ್ ಇನ್ನೂ ಹತ್ತು ತಿಂಗಳು ಇದೆ ಸಾರ್, ಅದೂ ಶೇ 50 ನೋ ಕ್ಲೇಮ್ ಬೋನಸ್ ಜೊತೆಗೆ’ ಎಂಬುದು ಡೀಲರ್‌ಗಳ ಅಚ್ಚುಮೆಚ್ಚಿನ ಮಾತು. ಅರ್ಧ ನಿಜ, ಅದಕ್ಕೇ ಅಪಾಯಕಾರಿ. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದೆ ಇದ್ದವನಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿಗೆ ಅಂಟಿದ್ದಲ್ಲ, ಆ ಮಾಲೀಕನ ಸ್ವತ್ತು. ಅವನು ತನ್ನ ಮುಂದಿನ ಕಾರಿಗೆ ಕೊಂಡೊಯ್ಯುತ್ತಾನೆ. ಪಾಲಿಸಿ ನಿಮ್ಮ ಹೆಸರಿಗೆ ಬರುವಾಗ ಆ ರಿಯಾಯಿತಿಯ ವ್ಯತ್ಯಾಸವನ್ನು ನೀವು ಕಟ್ಟಬೇಕು. ಅದಕ್ಕಿಂತ ದೊಡ್ಡದು ಮುಂದಿದೆ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟದ ವಿಮೆ, ಕಾರಿನ ಜೊತೆ ತಾನಾಗಿಯೇ ಬರುತ್ತದೆ. ನಿಮ್ಮ ಕಾರಿಗೆ ಆದ ಹಾನಿಯ ವಿಮೆ ಹಾಗೆ ಬರುವುದಿಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು.

ಬದಲಿಸಿಕೊಳ್ಳದವರ ಕಾರುಗಳನ್ನು ನಾನು ನೋಡಿದ್ದೇನೆ. ಬಂಪರು, ರೇಡಿಯೇಟರು, ಎರಡು ಏರ್‌ಬ್ಯಾಗು ಹೋಗಿರುತ್ತವೆ. ನಾನು ಲೆಕ್ಕ ಬರೆಯುತ್ತೇನೆ, ಕಡೆಯಲ್ಲಿ ಆರ್‌ಸಿ ಕೇಳುತ್ತೇನೆ. ಆರ್‌ಸಿಯಲ್ಲಿ ಹೊಸ ಹೆಸರು, ಪಾಲಿಸಿಯಲ್ಲಿ ಹಳೆಯ ಹೆಸರು. ಪಾಲಿಸಿಯ ಪ್ರಕಾರ ಹಣ ಪಡೆಯಬೇಕಾದವನಿಗೆ ಈಗ ಆ ಕಾರಿನಲ್ಲಿ ಯಾವ ಹಿತಾಸಕ್ತಿಯೂ ಇಲ್ಲ. ಹಿತಾಸಕ್ತಿ ಇರುವವನ ಜೊತೆ ಕಂಪನಿಗೆ ಒಪ್ಪಂದವೇ ಇಲ್ಲ. ‘ಪ್ರೀಮಿಯಂ ಕಟ್ಟಿದೆಯಲ್ಲ ಸಾರ್’ ಎನ್ನುತ್ತಾರೆ. ಕಟ್ಟಿದೆ, ನಿಜ. ಡೀಲರ್ ಮಾತ್ರ ಫೋನ್ ಎತ್ತುವುದಿಲ್ಲ. ಅವನ ಲೆಕ್ಕದಲ್ಲಿ ವ್ಯವಹಾರ ಕೀಲಿ ಕೊಟ್ಟ ದಿನವೇ ಮುಗಿದಿದೆ.

ಇನ್ನು ದುಡ್ಡಿನ ವಿಷಯ. ‘ಬೆಲೆಯ ಮೇಲೆ ಶೇ 18 ಜಿಎಸ್‌ಟಿ ಬೇರೆ’ ಎಂದು ಹೇಳುವ ಡೀಲರ್‌ಗಳು ಇತ್ತೀಚೆಗೆ ಹೆಚ್ಚಾಗಿದ್ದಾರೆ. 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಹಳೆಯ ವಾಹನಗಳೆಲ್ಲಕ್ಕೂ ಶೇ 18 ಎಂದು ತೀರ್ಮಾನವಾದದ್ದು ಹೌದು. ಆದರೆ ತೆರಿಗೆ ಬೀಳುವುದು ಡೀಲರ್ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ. 4 ಲಕ್ಷಕ್ಕೆ ಕೊಂಡದ್ದನ್ನು 4.5 ಲಕ್ಷಕ್ಕೆ ಮಾರಿದರೆ ಲೆಕ್ಕ 50,000 ರೂಪಾಯಿಗೆ, ಅಂದರೆ ಸುಮಾರು 9,000 ರೂಪಾಯಿ. 4.5 ಲಕ್ಷದ ಮೇಲೆ 81,000 ಕೇಳಿದರೆ ಅದು ತೆರಿಗೆಯಲ್ಲ. ಆರ್‌ಟಿಒ ಖರ್ಚು ಎಂದು ಕೇಳುವ ಹತ್ತು ಹನ್ನೆರಡು ಸಾವಿರವೂ ಹಾಗೆಯೇ. ರಾಜ್ಯದೊಳಗೆ ಹೆಸರು ಬದಲಿಸುವ ಸರ್ಕಾರಿ ಶುಲ್ಕ ಕೆಲವು ನೂರು ರೂಪಾಯಿಗಳದ್ದು. ಓಡಾಡಿದ ಕೂಲಿ ಕೇಳಲಿ, ಕೊಡೋಣ, ಆದರೆ ಅದನ್ನು ಕೂಲಿ ಎಂದೇ ಕರೆಯಲಿ.

ಒಟ್ಟು ಮೊತ್ತದ ಬಿಲ್ಲು ಬೇಕೇ ಬೇಕು. ‘ಅರ್ಧ ಕ್ಯಾಶ್ ಕೊಡಿ, ಬಿಲ್ಲಿನಲ್ಲಿ ಕಡಿಮೆ ತೋರಿಸೋಣ, ಇಬ್ಬರಿಗೂ ಲಾಭ’ ಎಂದರೆ ಲಾಭ ಅವರೊಬ್ಬರಿಗೇ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ. ಅಲ್ಲದೆ, ಡೀಲರ್ ವಾಸಿ ಎಂದು ಮೊದಲೇ ಹೇಳಿದ್ದಕ್ಕೆ ಈ ಬಿಲ್ಲೇ ಕಾರಣ. ವ್ಯಾಪಾರಿಯಿಂದ ಬಿಲ್ಲು ಪಡೆದು ಕೊಂಡವರು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ. ತನ್ನ ಸ್ವಂತ ಕಾರು ಮಾರಿದ ನಿವೃತ್ತ ಮೇಷ್ಟ್ರ ಮೇಲೆ ಈ ದಾರಿಯಿಲ್ಲ, ಏಕೆಂದರೆ ಅವರು ವ್ಯಾಪಾರಿಯಲ್ಲ.

ಬೆಲೆಯ ಚೌಕಾಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ನಮ್ಮ ಜನ ನನಗಿಂತ ಪಂಡಿತರು. ಒಂದೇ ಮಾತು: ಹೋಗುವ ಮೊದಲು ಅದೇ ಮಾದರಿಯ ಹೊಸ ಕಾರಿನ ಇವತ್ತಿನ ಬೆಲೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಹೊಸದು ಅಗ್ಗವಾದರೆ ಹಳೆಯದೂ ಇಳಿಯಬೇಕು. ಹಳೆಯ ಪಟ್ಟಿಯನ್ನೇ ಹಿಡಿದು ಕೂತ ಡೀಲರ್‌ಗೆ ಇದನ್ನು ನೆನಪಿಸಿದರೆ ಸಾಕು.

ಕಾರನ್ನು ನೋಡುವುದಕ್ಕೆ ನಿಮ್ಮ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ. ಡೀಲರ್ ಕೊಡುವ ಇನ್ನೂರು ಅಂಶಗಳ ತಪಾಸಣಾ ಪಟ್ಟಿಗೆ ನಾನು ಅಷ್ಟೊಂದು ಮರುಳಾಗುವುದಿಲ್ಲ. ಅದರಲ್ಲಿ ವೈಪರ್ ಕಡ್ಡಿಗೂ ಒಂದು ಅಂಕ, ಚಾಸಿಗೂ ಒಂದು ಅಂಕ. ‘ಡಾಕ್ಟರ್ ಓಡಿಸಿದ ಕಾರು’ ಎಂಬ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಅಷ್ಟೊಂದು ಡಾಕ್ಟರರು ನಮ್ಮಲ್ಲಿದ್ದಿದ್ದರೆ ಆಸ್ಪತ್ರೆಗಳ ಮುಂದೆ ಸಾಲೇ ಇರುತ್ತಿರಲಿಲ್ಲ. ಓಡಿದ ಕಿಲೋಮೀಟರನ್ನು ಮೀಟರಿನಿಂದ ನಂಬದೆ, ನೋಂದಣಿ ಸಂಖ್ಯೆ ಕೊಟ್ಟು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದಾಖಲೆ ವಿಚಾರಿಸಿ. 35,000 ಓಡಿದ ಕಾರಿನ ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದಿರುವುದಿಲ್ಲ.

ಮುಳುಗಿದ ಕಾರಿನ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಲಕ್ಷಾಂತರ ಬೆಲೆಯ ಕಾರುಗಳು ನೀರಿನಲ್ಲಿ ನಿಂತದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. 2023ರ ಡಿಸೆಂಬರಿನಲ್ಲಿ ಚೆನ್ನೈನಲ್ಲೂ ಹಾಗೆಯೇ ಆಯಿತು. ದುರಸ್ತಿ ವೆಚ್ಚ ವಿಮಾ ಮೌಲ್ಯದ ಶೇ 75 ದಾಟಿದರೆ ನಾವು ಅದನ್ನು ಸಂಪೂರ್ಣ ನಷ್ಟ ಎಂದು ಬರೆಯುತ್ತೇವೆ. ಬರೆದ ಮಾತ್ರಕ್ಕೆ ಕಾರು ಗುಜರಿಗೆ ಹೋಗುವುದಿಲ್ಲ. ಹರಾಜಿನಲ್ಲಿ ಯಾರೋ ಕೊಳ್ಳುತ್ತಾರೆ, ಒಣಗಿಸುತ್ತಾರೆ, ಸೀಟಿನ ಬಟ್ಟೆ ಬದಲಿಸುತ್ತಾರೆ, ಬೇರೆ ಊರಿನ ಅಂಗಳದಲ್ಲಿ ನಿಲ್ಲಿಸುತ್ತಾರೆ. ಇಂಥದ್ದನ್ನು ಹಿಡಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ; ತೊಳೆಯುವವರ ಕೈ ಅಷ್ಟು ಒಳಗೆ ಹೋಗಿರುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿಯ ತುಕ್ಕು, ಸ್ಟೆಪ್ನಿ ಗುಂಡಿಯ ಮಣ್ಣು ನೋಡಿ. ಒಳಗೆ ಮಲ್ಲಿಗೆ ಸುಗಂಧ ಘಮ್ಮೆಂದರೆ ಅನುಮಾನಿಸಿ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಆ ದೀಪವನ್ನೇ ಕಿತ್ತಿರುವ ಸಾಧ್ಯತೆಯಿದೆ.

ಉತ್ತರ ಭಾರತದ ಕಾರು ಅಗ್ಗ ಎಂದು ಕೇಳುವವರೂ ಇದ್ದಾರೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿದ ಮೇಲೆ, ಎಂಟೊಂಬತ್ತು ವರ್ಷದ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಇಳಿಯತೊಡಗಿದವು. ಅಂಗಡಿಯಲ್ಲಿ ಹೇಳುವ ಬೆಲೆಗೆ ಅಲ್ಲಿನ ಎನ್‌ಒಸಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಮರುನೋಂದಣಿಯ ಓಡಾಟ ಇವನ್ನು ಸೇರಿಸಿ ನೋಡಿ. ಅನೇಕ ಸಲ ಇಲ್ಲಿಯ ಕೆಎ ಗಾಡಿಯೇ ಕೈಗೆ ಹತ್ತುತ್ತದೆ. ಇವೆಲ್ಲವನ್ನೂ ಡೀಲರ್ ಮಾಡಿಕೊಟ್ಟು ಕೆಎ ಸಂಖ್ಯೆ ಹಾಕಿಸಿದ ಮೇಲೆ ಪೂರ್ತಿ ಹಣ ಎಂದರೆ ಆಗಬಹುದು.

ಟೋಕನ್ ಕೊಡುವ ಮುಂಚೆ ಆ ಕಾರಿನ ಸಂಖ್ಯೆಯನ್ನು ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಹಾಕಿ ನೋಡಿ. ಎಷ್ಟನೇ ಮಾಲೀಕ, ವಿಮೆ ಎಂದಿನವರೆಗೆ, ಸಾಲವಿದೆಯೇ ಎಂಬುದು ಗೊತ್ತಾಗುತ್ತದೆ. ಬ್ಯಾಂಕಿನ ಹೆಸರು ಕಂಡರೆ ‘ಎಚ್‌ಪಿ ಕ್ಯಾನ್ಸಲ್’ ಆಗುವವರೆಗೆ, ಅಂದರೆ ಆರ್‌ಸಿಯಿಂದ ಆ ಸಾಲದ ನಮೂದು ತೆಗೆಯುವವರೆಗೆ, ಅಡ್ವಾನ್ಸ್ ಹೊರತು ಬೇರೇನೂ ಕೊಡಬೇಡಿ. ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ಮುಗಿಯಿತೆಂದು ತಿಳಿಸುವ ನಮೂನೆ 35 ಎರಡೂ ಕಣ್ಣಿಗೆ ಬೀಳಬೇಕು. ಸಂಚಾರ ಪೊಲೀಸರ ಬಾಕಿ ದಂಡವನ್ನೂ ನೋಡಿ. ಬೆಂಗಳೂರಿನ ಕಾರಾದರೆ ಇದು ಸಣ್ಣ ಮೊತ್ತವೆಂದು ಭಾವಿಸಬೇಡಿ: 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಬಾಕಿ ವಸೂಲಾಯಿತು. ಹಳೆಯ ಮಾಲೀಕನ ಫಾಸ್ಟ್‌ಟ್ಯಾಗ್ ಕಿತ್ತು ನಿಮ್ಮದನ್ನು ಹಾಕಿಸಿ.

ಕಡೆಯದಾಗಿ ನಾನು ಎಲ್ಲರಿಗೂ ಹೇಳುವ ಒಂದು ಷರತ್ತಿದೆ. ಬೆಲೆ ಕುದುರಿದ ಮೇಲೆ ಇಪ್ಪತ್ತು ಸಾವಿರ ರೂಪಾಯಿಯನ್ನು ಕೈಯಲ್ಲೇ ಇಟ್ಟುಕೊಂಡು, ಆರ್‌ಸಿಯಲ್ಲಿ ಮತ್ತು ಪಾಲಿಸಿಯಲ್ಲಿ ನನ್ನ ಹೆಸರು ಬಂದ ದಿನ ಕೊಡುತ್ತೇನೆ ಎಂದು ಬಿಲ್ಲಿನ ಮೇಲೆಯೇ ಬರೆಸಿ. ನಿಜವಾಗಿ ಕೆಲಸ ಮಾಡುವ ಡೀಲರ್ ಗೊಣಗುತ್ತಲೇ ಒಪ್ಪುತ್ತಾನೆ, ಏಕೆಂದರೆ ಅಂಗಳದಲ್ಲಿ ಕಾರು ನಿಂತಷ್ಟೂ ದಿನ ಅವನ ಬಡ್ಡಿ ಓಡುತ್ತಿರುತ್ತದೆ. ಒಪ್ಪದವನು ‘ನಮ್ಮ ಮೇಲೆ ನಂಬಿಕೆ ಇಲ್ಲವೇ ಸಾರ್?’ ಎಂದು ಕೇಳುತ್ತಾನೆ. ‘ಇದೆ, ಅದಕ್ಕೇ ಉಳಿದ ಹಣವನ್ನೆಲ್ಲ ಮೊದಲೇ ಕೊಡುತ್ತಿದ್ದೇನೆ’ ಎನ್ನಿ.