‘ಮೆತ್ತಗಾಗ್ಬಿಟ್ಟೆಯಲ್ಲೋ’ ಅನ್ನುವವರಿಗೆ

ಪ್ರಶ್ನೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ. "ಆಗ ಬರೀ ಮೆಟಲ್ ಕೇಳ್ತಿದ್ದೆ. ಗೋಡೆ ತುಂಬಾ ಪೋಸ್ಟರು, ಮೈಮೇಲೆ ಕರಿ ಟೀ ಶರ್ಟು. ಈಗ ನೋಡಿದ್ರೆ ಫಂಕ್ ಅಂತೀಯ, ಡಿಸ್ಕೋ ಅಂತೀಯ. ಏನಾಯ್ತು ನಿಂಗೆ?"

ಮೆಟಲ್ ಅಂದರೆ ಗಿಟಾರ್ ಅಬ್ಬರದ ರಾಕ್ ಸಂಗೀತ; ಫಂಕ್, ಡಿಸ್ಕೋ ಅಂದರೆ ತಾಳಕ್ಕೆ ಕುಣಿಸುವ ಸಂಗೀತ. ಕೇಳುವವರು ಉತ್ತರವನ್ನೂ ಜೊತೆಯಲ್ಲೇ ತಂದಿರುತ್ತಾರೆ. "ವಯಸ್ಸಾಯ್ತು ಬಿಡು, ಎಲ್ಲರೂ ಮೆತ್ತಗಾಗೋದೇ" ಎಂದು ಬೆನ್ನು ತಟ್ಟುತ್ತಾರೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಚೆಗೆ ನಗು ಬರುತ್ತಿಲ್ಲ. ಉತ್ತರ ನಿಮ್ಮ ಹತ್ತಿರವೇ ಇದ್ದರೆ ನನ್ನನ್ನು ಯಾಕೆ ಕೇಳುತ್ತೀರಿ?

ಚಿಕ್ಕ ಉತ್ತರ ಬೇಕಿದ್ದರೆ ಇಷ್ಟೇ: ಮೆತ್ತಗಾಗಿಲ್ಲ. ಮೆಟಲ್ ಬಿಟ್ಟೂ ಇಲ್ಲ. ಆತುರ ಇದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರಿಗೆ ಒಂದು ಸಂಜೆಯ ಕಥೆ. ಗೆಳೆಯನ ಮನೆಯಲ್ಲಿ ಹಳೇ ಗುಂಪು ಸೇರಿತ್ತು. ಮೂಲೆಯಲ್ಲಿದ್ದ ಗಿಟಾರ್ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. "ಆ ಡೀಪ್ ಪರ್ಪಲ್ ಸೋಲೋ ಹೊಡೀ ಮಾರಾಯ" ಅಂದ ಒಬ್ಬ. ಡೀಪ್ ಪರ್ಪಲ್ ಹಳೇ ರಾಕ್ ಬ್ಯಾಂಡು; ಸೋಲೋ ಅಂದರೆ ಒಂದೇ ವಾದ್ಯ ಮುಂದೆ ಬಂದು ಮೆರೆಯುವ ಭಾಗ. ನನಗೆ ಮನಸ್ಸಿರಲಿಲ್ಲ. ಆಗ ತಲೆಯಲ್ಲಿ ತುಂಬಿಕೊಂಡಿದ್ದದ್ದು ಶೀಕ್ ಅನ್ನುವ ಡಿಸ್ಕೋ ಬ್ಯಾಂಡಿನ ಗಿಟಾರಿಸ್ಟ್ ನೈಲ್ ರಾಜರ್ಸ್. ‘ಗುಡ್ ಟೈಮ್ಸ್’ ಹಾಡಿನಲ್ಲಿ ಆತ ನುಡಿಸುವ ರಿದಮ್ ಶುರುಮಾಡಿದೆ. ಒಂದೆರಡು ಸುತ್ತು ಎಲ್ಲರೂ ತಲೆ ಆಡಿಸಿದರು. ಆಮೇಲೆ ಒಬ್ಬೊಬ್ಬರೇ ನನ್ನ ಮುಖ ನೋಡತೊಡಗಿದರು.

"ಚೆನ್ನಾಗಿದೆ ಕಣೋ. ಸೋಲೋ ಯಾವಾಗ ಶುರು?"

"ಇದೇ ಕಣೋ. ಆಗಲೇ ಶುರುವಾಗಿದೆ."

ಮನೆಯವರಿಗೆ ಕಾಯಿಲೆಯ ಸುದ್ದಿ ಹೇಳುವ ಡಾಕ್ಟರ ಹಾಗೆ ಅವನು ಉಳಿದವರ ಕಡೆ ತಿರುಗಿದ. "ನೋಡ್ರೋ, ನಮ್ಮೋನು ಮೆತ್ತಗಾಗ್ಬಿಟ್ಟ."

ಮೆತ್ತಗೆ ಅಂತೆ! ಗಿಟಾರ್ ನುಡಿಸಲು ಬರುವವರು ಯಾರಾದರೂ ಆ ರಿದಮ್ ಅನ್ನು ಇಡೀ ಹಾಡಿಗೆ, ಎಲ್ಲೂ ನಿಲ್ಲಿಸದೆ ನುಡಿಸಿ ನೋಡಿ. ಬಲಗೈ ಒಂದು ಬೀಟಿಗೆ ನಾಲ್ಕು ಸಲ ಮೇಲೆ ಕೆಳಗೆ ಓಡಾಡುತ್ತಲೇ ಇರಬೇಕು. ಸದ್ದು ಬರಲಿ ಬಿಡಲಿ, ಅದು ನಿಲ್ಲುವ ಹಾಗಿಲ್ಲ. ಯಾವ ಹೊಡೆತ ಸ್ವರವಾಗಬೇಕು, ಯಾವುದು ಬರೀ ‘ಚಿಕ್’ ಎನ್ನಬೇಕು ಅನ್ನುವುದನ್ನು ನಿರ್ಧರಿಸುವುದು ಎಡಗೈ. ಬೆರಳು ಒತ್ತಿದರೆ ಸ್ವರ. ತಂತಿ ಬಿಡದೆ ಒತ್ತು ಮಾತ್ರ ಸಡಿಲಿಸಿದರೆ ‘ಚಿಕ್’. ಅದೂ ಆರು ತಂತಿ ಬಾರಿಸುವುದಲ್ಲ, ಒಂದು ಸಲಕ್ಕೆ ಎರಡೋ ಮೂರೋ. ಹಾಡು ಅರ್ಧ ಆಗುವಷ್ಟರಲ್ಲಿ ಮುಂಗೈ ಬಿಗಿಯುತ್ತದೆ. ಬಿಗಿದ ಕೂಡಲೇ ತಾಳ ಕುಂಟುತ್ತದೆ. ಸೋಲೋದಲ್ಲಿ ಒಂದು ಸ್ವರ ಆಚೀಚೆ ಆದರೆ ತಂತಿ ಎಳೆದು, ಮುಖ ಕಿವುಚಿ, ಬೇಕಂತಲೇ ಮಾಡಿದ ಹಾಗೆ ತೋರಿಸಿಕೊಳ್ಳಬಹುದು. ಇಲ್ಲಿ ಕೂದಲೆಳೆಯಷ್ಟು ತಡವಾದರೂ ಕುಣಿಯುವವರ ಕಾಲಿಗೆ ಗೊತ್ತಾಗುತ್ತದೆ.

ಇನ್ನೊಂದು ತಮಾಷೆ. ಗುಂಪಿನವರ ದೇವರು ಡೀಪ್ ಪರ್ಪಲ್‌ನ ರಿಚಿ ಬ್ಲ್ಯಾಕ್‌ಮೋರ್. ಆತನ ಕೈಯಲ್ಲಿ ಇದ್ದದ್ದು ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಸ್ಟ್ರ್ಯಾಟೊಕಾಸ್ಟರ್ ಗಿಟಾರ್. ನೈಲ್ ರಾಜರ್ಸ್ ಕೈಯಲ್ಲಿ ಇರುವುದೂ ಸ್ಟ್ರ್ಯಾಟೊಕಾಸ್ಟರೇ. ನಾನು ನನ್ನ ಲೆಸ್ ಪಾಲ್ ಗಿಟಾರ್ ಮಾರಿ ಸ್ಟ್ರ್ಯಾಟ್ (ಅದೇ ಸ್ಟ್ರ್ಯಾಟೊಕಾಸ್ಟರ್) ಕೊಂಡಾಗ ಇದೇ ಗೆಳೆಯರು "ಡಿಸ್ಕೋ ಗಿಟಾರ್ ತಗೊಂಡ" ಎಂದು ಮುಸಿಮುಸಿ ನಕ್ಕರು. ಬ್ಲ್ಯಾಕ್‌ಮೋರ್ ಹೆಗಲಿಗೇರಿದರೆ ಅದು ಗಂಡೆದೆಯ ಗಿಟಾರು, ನನ್ನ ಹೆಗಲಿಗೇರಿದರೆ ಡಿಸ್ಕೋ. ಇರಲಿ.

ಆ ಗಿಟಾರ್ ಬದಲಾಯಿಸಿದ್ದಕ್ಕೂ ಕಾರಣ ಇತ್ತು. ಲೆಸ್ ಪಾಲ್‌ನಲ್ಲಿ ಇರುವುದು ಹಂಬಕರ್ ಪಿಕಪ್. ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಭಾಗ. ಹಂಬಕರ್ 1955ರ ಹೊತ್ತಿಗೆ ಗಿಬ್ಸನ್ ಕಂಪನಿಯ ಸೆಥ್ ಲವರ್ ಮಾಡಿದ್ದು. ಎರಡು ಕಾಯಿಲ್ (ತಂತಿ ಸುರುಳಿ) ಜೋಡಿಸಿದ್ದರಿಂದ ಹೊರಗಿನಿಂದ ಬರುವ ‘ಗುಂಯ್’ ಸದ್ದು ಒಂದರಲ್ಲಿ ಒಂದು ಕರಗಿ ಹೋಗುತ್ತದೆ. ಉಳಿಯುವ ನಾದ ದಪ್ಪ. ಡಿಸ್ಟಾರ್ಷನ್‌ಗೆ (ಮೆಟಲ್ ಗಿಟಾರಿನ ಆ ಒರಟು ಗರ್ಜನೆಗೆ) ಹೇಳಿ ಮಾಡಿಸಿದ್ದು. ಆದರೆ ಡಿಸ್ಟಾರ್ಷನ್ ಜಾಸ್ತಿಯಾದಷ್ಟೂ ನೀವು ಮೆಲ್ಲಗೆ ಹೊಡೆದದ್ದಕ್ಕೂ ಜೋರಾಗಿ ಹೊಡೆದದ್ದಕ್ಕೂ ವ್ಯತ್ಯಾಸ ಕಮ್ಮಿಯಾಗುತ್ತದೆ. ಎಲ್ಲಾ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸ್ಟ್ರ್ಯಾಟ್‌ನ ಒಂಟಿ ಕಾಯಿಲ್ ಟ್ಯೂಬ್‌ಲೈಟ್ ಹತ್ತಿರ ಹೋದರೆ ಗುಂಯ್‌ಗುಡುತ್ತದೆ, ನಿಜ. ಆದರೆ ಮೀಟುವ ಪ್ಲೆಕ್ಟ್ರಮ್ ತಂತಿಗೆ ತಾಗಿದ್ದು ಕೂಡ ಅದರಲ್ಲಿ ಕೇಳಿಸುತ್ತದೆ. ಮುಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಇದನ್ನು ಮೆತ್ತಗಾಗುವುದು ಅನ್ನುತ್ತೀರಾ?

ಡಿಸ್ಕೋ ಮೇಲಿನ ಸಿಟ್ಟು ನನ್ನ ಗೆಳೆಯರು ಕಂಡುಹಿಡಿದದ್ದೇನಲ್ಲ. 1979ರ ಜುಲೈ 12ರಂದು ಷಿಕಾಗೋದ ಕಾಮಿಸ್ಕಿ ಪಾರ್ಕ್‌ನಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಡಿಸ್ಕೋ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿ, ಎರಡನೇ ಪಂದ್ಯ ನಡೆಯಲೇ ಇಲ್ಲ. ಮುಂದಿನ ತಿಂಗಳು ಇದೇ ‘ಗುಡ್ ಟೈಮ್ಸ್’ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಮರುವರ್ಷ ಕ್ವೀನ್ ಅನ್ನುವ ರಾಕ್ ಬ್ಯಾಂಡಿನ ದೊಡ್ಡ ಹಿಟ್ ಬಂತು, ‘ಅನದರ್ ಒನ್ ಬೈಟ್ಸ್ ದ ಡಸ್ಟ್’. ಅದರ ಬೇಸ್ ಗಿಟಾರ್ ಕೇಳಿ. ಪಕ್ಕದಲ್ಲೇ ‘ಗುಡ್ ಟೈಮ್ಸ್’ನಲ್ಲಿ ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ ಬೇಸ್ ಕೇಳಿ. ಅಣ್ಣತಮ್ಮ ಅಂತ ಯಾರು ಬೇಕಾದರೂ ಹೇಳುತ್ತಾರೆ. ಕ್ವೀನ್ ಟೀ ಶರ್ಟ್ ಹಾಕಿಕೊಂಡೇ ಡಿಸ್ಕೋ ಬೈಯುವವರನ್ನು ಕಂಡರೆ ನನಗೆ ಈಗಲೂ ಖುಷಿ.

ಹೋಗಲಿ. ಯಾರಾದರೂ ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಲಿ: ಅದೇ ಹಳೇ ರೆಕಾರ್ಡ್ ಹಾಕಿದಾಗ ಈಗ ನಿನಗೆ ಏನು ಕೇಳಿಸುತ್ತೆ? ಇದನ್ನು ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಇಡೀ ರಾತ್ರಿ ಕೂತು ಹೇಳುತ್ತಿದ್ದೆ. (ಅದಕ್ಕೇ ಕೇಳುವುದಿಲ್ಲವೋ ಏನೋ.)

ಎಸಿ ಡಿಸಿ ಅನ್ನುವ ರಾಕ್ ಬ್ಯಾಂಡಿನ ‘ಬ್ಯಾಕ್ ಇನ್ ಬ್ಲ್ಯಾಕ್’ ತಗೊಳ್ಳಿ. 1980ರದ್ದು. ಅದರಲ್ಲಿ ನಾವೆಲ್ಲ ಕೇಳುತ್ತಿದ್ದದ್ದು ಗಿಟಾರಿಸ್ಟ್ ಆಂಗಸ್ ಯಂಗ್‌ನನ್ನು. ಸ್ಕೂಲ್ ಯೂನಿಫಾರ್ಮ್ ಚಡ್ಡಿ ಹಾಕಿ ವೇದಿಕೆ ತುಂಬಾ ಕುಪ್ಪಳಿಸುವವನು. ಅವನ ಅಣ್ಣ ಮಾಲ್ಕಮ್ ಹಿಂದೆ ಆಂಪ್ಲಿಫೈಯರ್ ಪಕ್ಕ ನಿಂತಿರುತ್ತಿದ್ದ. ಮೈಕಿನಲ್ಲಿ ಕೋರಸ್ ಹಾಡುವುದಿದ್ದರೆ ಮುಂದೆ ಬರುತ್ತಿದ್ದ, ಹಾಡಿ ವಾಪಸ್ ಹೋಗುತ್ತಿದ್ದ. ಅವನದು 1963ರ ಗ್ರೆಚ್ ಗಿಟಾರ್. ಬ್ರಿಜ್ (ತಂತಿಗಳ ಕೆಳತುದಿ ಕೂರುವ ಪಟ್ಟಿ) ಹತ್ತಿರದ ಒಂದು ಪಿಕಪ್ ಬಿಟ್ಟು ಉಳಿದದ್ದನ್ನು ಕಿತ್ತು ಹಾಕಿದ್ದ. ತಂತಿ ದಪ್ಪ, ಡಿಸ್ಟಾರ್ಷನ್ ಕಮ್ಮಿ. ಹೆಡ್‌ಫೋನ್ ಹಾಕಿದರೆ ಅಣ್ಣ ಒಂದು ಕಿವಿಗೆ, ತಮ್ಮ ಇನ್ನೊಂದಕ್ಕೆ. ಈಗ ತಮ್ಮನ ಕಡೆಯ ಕಿವಿ ತೆಗೆದು ಅಣ್ಣನ ಕಡೆಯದನ್ನು ಮಾತ್ರ ಕೇಳಿ. ಕಾರ್ಡ್ ಹೊಡೆಯುತ್ತಾನೆ, ಕೈಯಿಟ್ಟು ನಿಲ್ಲಿಸುತ್ತಾನೆ, ಆ ಖಾಲಿ ಜಾಗದಲ್ಲಿ ಡ್ರಮ್ ಬಂದು ಬೀಳುತ್ತದೆ. ನಾವು ಆಗ ‘ಏನ್ ಹೆವಿ ಗುರು’ ಅನ್ನುತ್ತಿದ್ದದ್ದು ಈ ಖಾಲಿ ಜಾಗಕ್ಕೆ. ಮರೆವಿನ ಕಾಯಿಲೆಯಿಂದ 2014ರಲ್ಲಿ ಮಾಲ್ಕಮ್ ಬ್ಯಾಂಡ್ ಬಿಟ್ಟ, 2017ರಲ್ಲಿ ತೀರಿಕೊಂಡ. ಆ ದಿನ ನನಗೆ ಫೋನ್ ಮಾಡಿದ ಗೆಳೆಯ "ಚಡ್ಡಿ ಹಾಕ್ತಾನಲ್ಲ, ಅವನಾ?" ಎಂದು ಕೇಳಿದ.

ಬ್ಲ್ಯಾಕ್ ಸಬ್ಬತ್‌ನ 1970ರ ಮೊದಲ ರೆಕಾರ್ಡೂ ಅಷ್ಟೇ. ಆ ಮೆಟಲ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಯ ಕಥೆ ನಮಗೆಲ್ಲ ಬಾಯಿಪಾಠ. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಹೋಯಿತು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಕಟ್ಟಿ ನುಡಿಸಿದ. ಆ ಕಥೆಯ ಭರದಲ್ಲಿ ಡ್ರಮ್ಮಿನ ಹಿಂದೆ ಕೂತ ಬಿಲ್ ವಾರ್ಡ್ ಯಾರಿಗೂ ಕಾಣಲಿಲ್ಲ. ಆತ ಜೀನ್ ಕ್ರುಪಾ, ಬಡ್ಡಿ ರಿಚ್ ಅವರಂಥ ಜಾಝ್ ಡ್ರಮ್ಮರುಗಳನ್ನು ಕೇಳಿಕೊಂಡು ಬೆಳೆದವನು. ಅಷ್ಟು ಭಾರದ ಗಿಟಾರಿನ ಕೆಳಗೆ ಅವನ ತಾಳ ನೆಟ್ಟಗೆ ನಿಲ್ಲುವುದೇ ಇಲ್ಲ, ತೂಗಾಡುತ್ತಿರುತ್ತದೆ. ನಾನು ಫಂಕ್‌ನಲ್ಲಿ ಹುಡುಕಿಕೊಂಡು ಹೋದದ್ದು ಅಲ್ಲೇ ಇತ್ತು. ಹಾಗಾದರೆ ರುಚಿ ಬದಲಾದದ್ದು ಎಲ್ಲಿ, ಹೇಳಿ ನೋಡೋಣ?

ಜೋರು ಸದ್ದಿನ ಬಗ್ಗೆಯೂ ಒಂದು ಮಾತು. ‘ಈಗ ನಿನ್ನ ಕಿವಿ ಜೋರು ತಡೆಯಲ್ಲ ಅಲ್ವಾ’ ಅನ್ನುವವರು ಮೆಟಲ್ ಬ್ಯಾಂಡ್ ಮೆಟಾಲಿಕಾದ 2008ರ ಆಲ್ಬಮ್ ‘ಡೆತ್ ಮ್ಯಾಗ್ನೆಟಿಕ್’ ನೆನಪಿಸಿಕೊಳ್ಳಲಿ. ಅದನ್ನು ಎಷ್ಟು ಜೋರಾಗಿ ಮಾಸ್ಟರ್ ಮಾಡಿದ್ದರೆಂದರೆ (ಬಿಡುಗಡೆಗೆ ಮುಂಚೆ ಸದ್ದಿನ ಮಟ್ಟ ಹೊಂದಿಸುವ ಕೆಲಸ), ಡ್ರಮ್ಮಿನ ಪೆಟ್ಟುಗಳ ತುದಿ ಎಲ್ಲಾ ಕತ್ತರಿಸಿ ಹೋಗಿತ್ತು. ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮ್‌ನಲ್ಲಿ ಬಂದ ಅದೇ ಹಾಡುಗಳು ಸಿ.ಡಿ.ಗಿಂತ ಚೆನ್ನಾಗಿ ಕೇಳಿಸಿದವು. ಮತ್ತೆ ಮಾಸ್ಟರ್ ಮಾಡಿ ಎಂದು ಗಲಾಟೆ ಎಬ್ಬಿಸಿದವರು ಫಂಕ್ ಕೇಳುವ ಮುದುಕರಲ್ಲ, ಮೆಟಾಲಿಕಾ ಅಭಿಮಾನಿಗಳೇ.

ಒಂದು ವಿಷಯದಲ್ಲಿ ಮಾತ್ರ ನಾನು ಕೂದಲೆಳೆಯಷ್ಟೂ ಬದಲಾಗಿಲ್ಲ: ಡ್ರಮ್ ಸೋಲೋ. ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ನನ್ನ ಪ್ರಾಣ. ಆದರೂ ಎರಡನೇ ಸೈಡಿನ ಕೊನೆಯಲ್ಲಿ ಇಯಾನ್ ಪೇಸ್ ಒಬ್ಬನೇ ಶುರುಮಾಡಿಕೊಂಡ ಕೂಡಲೇ ಎದ್ದು ಹೋಗಿ ಮುಳ್ಳು ಎತ್ತುತ್ತೇನೆ. ಕಾಲೇಜಿನಲ್ಲೂ ಎತ್ತುತ್ತಿದ್ದೆ. ಅವನು ಅದ್ಭುತ ಡ್ರಮ್ಮರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ನಾಲ್ಕು ಜನ ಪಕ್ಕಕ್ಕೆ ಹೋಗಿ ಆರಾಮಾಗಿ ನೀರು ಕುಡಿಯುತ್ತಿರುವಾಗ ನಾನೊಬ್ಬ ಯಾಕೆ ಕೂತು ಕೇಳಬೇಕು?