ಗೆರೆಯೊಳಗಿನ ಕಪ್ಪು

ರಜೆ ಅಂತ ಬೆಳಿಗ್ಗೆಯಿಂದ ಆ ಪ್ಲಾಸ್ಟಿಕ್ ಅಂತರಿಕ್ಷ ನೌಕೆಯ ಮಾದರಿ ಮುಂದೇ ಕೂತಿದ್ದೇನೆ. ಮೈ ಪೂರ್ತಿ ಬಿಳಿ. ಅದರಲ್ಲಿ ಕೊರೆದಿರುವ ಕೂದಲೆಳೆಯಂಥ ಗೆರೆಗಳಿಗೆ ತೆಳು ಕಪ್ಪು ಬಣ್ಣ ಬಿಟ್ಟು, ಮೇಲೆ ಉಳಿದಿದ್ದನ್ನು ಒರೆಸಬೇಕು. ಬೀದರಿನ ಈ ಬಿಸಿಲಿಗೆ ಒರೆಸುವ ಮೊದಲೇ ಒಣಗುತ್ತೆ, ಎರಡು ಸಲ ತಿನ್ನರ್ ಹಾಕಿ ಉಜ್ಜಿದೆ.

ಪಕ್ಕದ ಮನೆ ಕಾಕಾ ಬಿದ್ರಿ ಕೆಲಸದವರು. ಸುಮ್ನೆ ನೋಡುತ್ತಾ ನಿಂತಿದ್ದವರು, "ನಮ್ಮದೂ ಇದೇ ಕೆಲಸ ಅದ ನೋಡಪ್ಪ, ಬರೇ ಉಲ್ಟಾ" ಅಂದರು.

ಹೌದಲ್ಲ! ಅವರು ಸತು-ತಾಮ್ರದ ಮೈಯಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಅನ್ನೋ ಉಪ್ಪು ಕಲಸಿ ಉಜ್ಜಿದರೆ ಮೈಯೆಲ್ಲ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತೆ. ನನ್ನದರಲ್ಲಿ ಗೆರೆಯೇ ಕಪ್ಪು.

ಈಗ ಕಾಕಾ ಕನ್ನಡಕ ಏರಿಸಿಕೊಂಡು ಎಂಜಿನ್ ಹತ್ತಿರದ ಗೆರೆ ಒರೆಸುತ್ತಿದ್ದಾರೆ, ನನಗಿಂತ ಜಾಸ್ತಿ ಚೆನ್ನಾಗಿ. ನಾನು ಚಾ ಇಡೋಕೆ ಎದ್ದೆ.